ಬೊಡ್ಡೆ ಕೀಳುವ ಯೋಧ

ಹನ್ನೊಂದನೆಯ ಶತಮಾನದ ಆರಂಭ. ಇಂಗ್ಲೆಂಡಿನ ಒಂದು ಹಳ್ಳಿ, ಚಳಿಗಾಲದ ರಾತ್ರಿ. ಮನೆ ತುಂಬ ಮಕ್ಕಳಿರುವ ಸಂಸಾರವೊಂದು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಿದೆ. ಆ್ಯನ್ ಎಂಬ ಹುಡುಗಿಯ ಮನಸ್ಸು ಮಾತ್ರ ಬೇರೆಲ್ಲೋ ಇದೆ. ಸಂತೆಯಲ್ಲಿ ಅವಳು ಒಂದು ಉಂಗುರ ಕದ್ದಿದ್ದಾಳೆ, ಅದನ್ನು ಮನೆಯ ಹೊರಗೆ ಬಚ್ಚಿಟ್ಟಿದ್ದಾಳೆ. ಕದ್ದವರು ನರಕಕ್ಕೆ ಹೋಗುತ್ತಾರೆಂದು ಅವಳಿಗೆ ಗೊತ್ತು. ಆದರೂ ಆ ಉಂಗುರವನ್ನು ಬೆರಳಿಗೆ ಹಾಕಿ ನೋಡುವ ಆಸೆ ತಡೆಯಲಾರದೆ ಮೆಲ್ಲನೆ ಹೊರಗೆ ಬರುತ್ತಾಳೆ. ಅವಳು ಮರದ ಮರೆಯಲ್ಲಿರುವಾಗಲೇ ವೈಕಿಂಗರ ತಂಡವೊಂದು ಊರಿಗೆ ನುಗ್ಗುತ್ತದೆ. ಊರವರನ್ನೆಲ್ಲ ಒಂದೆಡೆ ಕೂಡಿಹಾಕುತ್ತದೆ. ತಂಡಕ್ಕೆ ಬೇಕಾಗಿರುವುದು ಚಳಿಗಾಲ ಕಳೆಯುವಷ್ಟು ದವಸ. ಸುದ್ದಿ ಹೊರಗೆ ಹೋಗಬಾರದೆಂಬ ಒಂದೇ ಕಾರಣಕ್ಕೆ ಮಕ್ಕಳು ಮುದುಕರೆನ್ನದೆ ಎಲ್ಲರನ್ನೂ ಕೊಲ್ಲುತ್ತಾರೆ. ಒಂದು ಉಂಗುರ ಕದ್ದದ್ದಕ್ಕೆ ನರಕಕ್ಕೆ ಹೆದರಿದ್ದ ಹುಡುಗಿ, ಯಾವ ನರಕಕ್ಕೂ ಹೆದರದ ಜನ ಇರುವುದನ್ನು ಕಣ್ಣಾರೆ ನೋಡುತ್ತಾಳೆ.

ಇದು ‘ವಿನ್‌ಲ್ಯಾಂಡ್ ಸಾಗಾ’ ಎಂಬ ಜಪಾನಿ ಅನಿಮೆ ಸರಣಿಯ ಮೊದಲ ಸೀಸನ್‌ನ ಹದಿನಾಲ್ಕನೆಯ ಕಂತು. ನನ್ನನ್ನು ಅಲುಗಾಡಿಸಿದ್ದು ಕೊಲೆಗಳಷ್ಟೇ ಅಲ್ಲ. ಅಲ್ಲಿಯವರೆಗಿನ ಕಂತುಗಳಲ್ಲಿ ನಾವು ನೋಡುಗರು ಬೆನ್ನು ಹತ್ತಿ ಬಂದದ್ದು ಈ ತಂಡವನ್ನೇ. ಅದರ ನಾಯಕನ ಜಾಣತನಕ್ಕೆ ಮೆಚ್ಚಿ ತಲೆದೂಗಿದ್ದೆವು, ಅವರ ಹಾಸ್ಯಕ್ಕೆ ನಕ್ಕಿದ್ದೆವು, ಅವರು ಬೆಟ್ಟದ ಮೇಲೆ ಹಡಗು ಹೊತ್ತು ಶತ್ರುವಿನ ಬೆನ್ನಿಗೆ ಬಂದಾಗ ಖುಷಿಪಟ್ಟಿದ್ದೆವು. ಈಗ ಕಥೆ ಹೇಳುವವನು ಕ್ಯಾಮೆರಾವನ್ನು ಒಬ್ಬ ಹುಡುಗಿಯ ಮನೆಯೊಳಗೆ ಇಟ್ಟು, ಅವಳ ತಮ್ಮ ತಂಗಿಯರ ಗಲಾಟೆ, ಅವಳ ಪುಟ್ಟ ಕಳ್ಳತನ, ಅವಳ ದೇವರ ಭಯ ಎಲ್ಲವನ್ನೂ ಸಾವಧಾನವಾಗಿ ತೋರಿಸಿ, ಆಮೇಲೆ ಬಾಗಿಲು ಒಡೆಸುತ್ತಾನೆ. ಆ ಕಂತು ಮುಗಿದ ಮೇಲೆ ನಾನು ಮುಂದಿನದನ್ನು ಹಾಕಲಿಲ್ಲ.

ಈ ಸರಣಿಯನ್ನು ನಾನಾಗಿ ಹುಡುಕಿಕೊಂಡು ಹೋದವಳಲ್ಲ. ತಂಗಿಯ ಮಗ ಪರೀಕ್ಷೆಗೆ ಓದಲೆಂದು ನಮ್ಮ ಮನೆಯಲ್ಲಿ ಉಳಿದಿದ್ದ. ರಾತ್ರಿ ಊಟವಾದ ಮೇಲೆ ಟ್ಯಾಬ್ ಹಿಡಿದು ಕೂರುತ್ತಿದ್ದ. ಕತ್ತಿಗಳ ಸದ್ದು, ಅರಚಾಟ ಕೇಳಿ ಏನದು ಎಂದಾಗ, “ದೊಡ್ಡಮ್ಮ, ನೀನು ನೋಡಬೇಡ, ಬರೀ ಕಡಿಯೋದು ಕೊಲ್ಲೋದು. ನಿಂಗೆ ಸೇರಲ್ಲ” ಅಂದ. ಸ್ವಲ್ಪ ಹೊತ್ತಿಗೆ ತಾನೇ, “ಆದ್ರೆ ನೀನು ಹೇಳ್ತಿದ್ದೆಯಲ್ಲ, ಅಲೆಗೆ ನಿಲ್ಲು ಅಂದ ರಾಜ, ಅವನಿದ್ದಾನೆ ಇದರಲ್ಲಿ” ಎಂದು ಸೇರಿಸಿದ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕನ್ಯೂಟ್ ಅರಸನ ಕಥೆ ನನಗೆ ಬಲು ಇಷ್ಟ. ಹೊಗಳುಭಟರ ಬಾಯಿ ಮುಚ್ಚಿಸಲು ಸಮುದ್ರದ ದಡದಲ್ಲಿ ಪೀಠ ಹಾಕಿಸಿ ಕೂತು, ಅಲೆಗಳಿಗೆ ನಿಲ್ಲಿರೆಂದು ಆಜ್ಞೆ ಮಾಡಿ, ಕಾಲು ತೋಯಿಸಿಕೊಂಡು ರಾಜನ ಅಧಿಕಾರ ಎಷ್ಟರದ್ದೆಂದು ತೋರಿಸಿದವನು. ಅದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, ಹನ್ನೆರಡನೆಯ ಶತಮಾನದ ಗ್ರಂಥವೊಂದರಲ್ಲಿ ಮೊದಲು ಕಾಣಿಸಿಕೊಂಡ ಕಥೆ. ಮಕ್ಕಳಿಗೆ ಕತೆ ಬೇಕೆನಿಸಿದಾಗ ಹೇಳುತ್ತಿದ್ದೆ. ಆ ಅರಸನನ್ನು ಜಪಾನಿನವರು ಏನು ಮಾಡಿದ್ದಾರೆ ನೋಡೋಣವೆಂದು ಕೂತೆ.

ಅನಿಮೆಗೆ ನಾನು ಪೂರ್ತಿ ಹೊಸಬಳೂ ಅಲ್ಲ. 1993ರ ಭಾನುವಾರಗಳಲ್ಲಿ ದೂರದರ್ಶನದ ಮುಂದೆ ಕೂತು ಮೋಗ್ಲಿಯನ್ನು ನೋಡಿದ ನಮ್ಮ ತಲೆಮಾರಿನವರೆಲ್ಲ ನೋಡಿದ್ದು ಜಪಾನಿನ ನಿಪ್ಪಾನ್ ಅನಿಮೇಶನ್ ಮಾಡಿದ ಸರಣಿಯನ್ನೇ. ಹಿಂಸೆಯ ಸಿನಿಮಾವೂ ನಮಗೆ ಹೊಸದಲ್ಲ. ಉಪೇಂದ್ರ ನಿರ್ದೇಶನದ ‘ಓಂ’ 1995ರಲ್ಲಿ ಬಂದ ಮೇಲೆ ಕನ್ನಡ ತೆರೆಯ ಮೇಲೆ ಲಾಂಗು ಮಚ್ಚುಗಳು ಎಷ್ಟು ಬಂದು ಹೋದವೋ ಲೆಕ್ಕವಿಲ್ಲ. ಅಂಥ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಒಂದು ಒಪ್ಪಂದವಿರುತ್ತದೆ: ನಾಯಕನಿಗೆ ಏಟು ಬಿದ್ದರೆ ಅದಕ್ಕೆ ಅಮ್ಮನ ಕಣ್ಣೀರಿದೆ, ಹಿನ್ನೆಲೆ ಸಂಗೀತವಿದೆ. ಅವನು ಹೊಡೆದುರುಳಿಸುವ ಹತ್ತಿಪ್ಪತ್ತು ಜನಕ್ಕೆ ಹೆಸರಿಲ್ಲ, ಮನೆಯಿಲ್ಲ. ಆ ಒಪ್ಪಂದವೇ ಇಲ್ಲೂ ಇರುತ್ತದೆಂದು ನಾನು ಅಂದುಕೊಂಡಿದ್ದೆ. ಮೊದಲ ಕೆಲವು ಕಂತು ಹಾಗೇ ಕಂಡಿತು ಕೂಡ.

ಕಥೆ ಇದು. ಥಾರ್ಸ್ ಎಂಬವನು ಯೋಮ್ಸ್‌ವೈಕಿಂಗರ ಪಡೆಯಲ್ಲಿ ಎಣೆಯಿಲ್ಲದ ಯೋಧ. ಯುದ್ಧ ಸಾಕಾಗಿ, ಒಂದು ಕಾಳಗದ ನಡುವೆ ಸಮುದ್ರಕ್ಕೆ ಹಾರಿ ಸತ್ತವನಂತೆ ತಪ್ಪಿಸಿಕೊಂಡು, ಐಸ್‌ಲ್ಯಾಂಡಿನಲ್ಲಿ ಹೆಂಡತಿ ಮಕ್ಕಳೊಂದಿಗೆ ರೈತನಾಗಿ ಬದುಕುತ್ತಿದ್ದಾನೆ. ಒಮ್ಮೆ ಓಡಿಬಂದ ಗುಲಾಮನೊಬ್ಬ ಹಿಮದಲ್ಲಿ ಬಿದ್ದು ಸಿಕ್ಕಾಗ, ಅವನನ್ನು ಹಿಡಿದೊಯ್ಯಲು ಬಂದ ಒಡೆಯನಿಗೆ ಕುರಿಗಳನ್ನು ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಆ ಗುಲಾಮ ಬದುಕುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಚಳಿಗಾಲದ ಹೊಸ್ತಿಲಲ್ಲಿ, ಸಾಯುವವನಿಗಾಗಿ ಕುರಿ ಕೊಡುವುದು! ಆ ಕಂತಿನಲ್ಲೇ ನಾನು ಸ್ವಲ್ಪ ನೆಟ್ಟಗೆ ಕೂತದ್ದು. ಬಳಿಕ ಹಳೆಯ ಪಡೆ ಥಾರ್ಸ್‌ನನ್ನು ಹುಡುಕಿ ಬರುತ್ತದೆ. ಫಾರೋ ದ್ವೀಪಗಳ ಬಳಿ ಆಸ್ಕಲಾಡ್ ಎಂಬ ಬಾಡಿಗೆ ತಂಡದ ನಾಯಕ ಅವನನ್ನು ಮೋಸದಿಂದ ಕೊಲ್ಲುತ್ತಾನೆ. ಆರು ವರ್ಷದ ಮಗ ಥಾರ್ಫಿನ್ ಅಪ್ಪನ ಸಾವನ್ನು ಕಣ್ಣೆದುರೇ ನೋಡಿ, ಕೊಂದವನ ತಂಡವನ್ನೇ ಸೇರುತ್ತಾನೆ. ಕರಾರು ಸರಳ: ಆಸ್ಕಲಾಡ್ ಹೇಳಿದ ಕೆಲಸ ಮಾಡಿದರೆ ಅವನೊಂದಿಗೆ ಒಂದು ದ್ವಂದ್ವಯುದ್ಧದ ಅವಕಾಶ. ಹೀಗೆ ಅಪ್ಪನ ಸೇಡಿಗಾಗಿ, ಅಪ್ಪನ ಕೊಲೆಗಾರನ ಅಪ್ಪಣೆ ಪಾಲಿಸುತ್ತ, ಹುಡುಗ ಊರೂರು ಕೊಲ್ಲುತ್ತ ಬೆಳೆಯುತ್ತಾನೆ.

ಮಕೊತೊ ಯುಕಿಮುರ ಬರೆದು ಚಿತ್ರಿಸಿದ ಈ ಮಾಂಗಾ 2005ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ ಶುರುವಾಗಿ, ಅದೇ ವರ್ಷ ದೊಡ್ಡವರ ಮಾಸಿಕ ‘ಆಫ್ಟರ್‌ನೂನ್’ಗೆ ಸ್ಥಳ ಬದಲಿಸಿತು. ಕಥೆಯ ಹದಕ್ಕೆ ವಾರದ ವೇಗ ಒಗ್ಗುವಂಥದ್ದಲ್ಲ ಎಂದು ನೋಡಿದವರಿಗೆ ಅನ್ನಿಸುತ್ತದೆ. 2019ರಲ್ಲಿ ವಿಟ್ ಸ್ಟುಡಿಯೊ ಇದನ್ನು ಇಪ್ಪತ್ತನಾಲ್ಕು ಕಂತುಗಳ ಅನಿಮೆ ಮಾಡಿತು. 2023ರಲ್ಲಿ ಎರಡನೆಯ ಸೀಸನ್ ಮಾಡಿದ್ದು ಮಾಪಾ ಎಂಬ ಬೇರೆ ಸ್ಟುಡಿಯೊ. ನಿರ್ದೇಶಕ ಶೂಹೆ ಯಬುತ ಮಾತ್ರ ಎರಡಕ್ಕೂ ಅವರೇ. ಮಾಂಗಾ ಶುರುವಾಗುವುದು ಥಾರ್ಫಿನ್ ಆಗಲೇ ಕೊಲೆಗಡುಕ ಹರೆಯದವನಾಗಿರುವಲ್ಲಿಂದ, ಅಪ್ಪನ ಕಥೆ ಆಮೇಲೆ ನೆನಪಾಗಿ ಬರುತ್ತದೆ. ಯಬುತ ಅದನ್ನು ತಿರುಗಿಸಿ, ಮೊದಲ ನಾಲ್ಕು ಕಂತುಗಳನ್ನು ಥಾರ್ಸ್‌ನಿಗೇ ಕೊಟ್ಟಿದ್ದಾರೆ. ನನಗೆ ಇದು ಇಡೀ ಸರಣಿಯ ಅತಿ ಒಳ್ಳೆಯ ತೀರ್ಮಾನವೆನಿಸುತ್ತದೆ. ಜಗತ್ತಿನಲ್ಲಿ ಯಾರಿಗೂ ಶತ್ರುವೆಂಬವನಿಲ್ಲ, ನೋಯಿಸಬಹುದಾದ ಮನುಷ್ಯನೆಂಬವನು ಯಾರೂ ಇಲ್ಲ ಎಂದು ಆ ಅಪ್ಪ ಮಗನಿಗೆ ಹೇಳಿರುತ್ತಾನೆ. ಮಗನಿಗೆ ಆಗ ಅದು ಅರ್ಥವಾಗುವುದಿಲ್ಲ, ನಮಗೂ ಆಗುವುದಿಲ್ಲ. ಆದರೆ ಅಪ್ಪನನ್ನು ಮೊದಲೇ ಕಂಡಿರುವುದರಿಂದ, ಮುಂದೆ ಥಾರ್ಫಿನ್ ಕತ್ತಿ ಬೀಸಿದಾಗಲೆಲ್ಲ ಅದು ಅಪ್ಪನಿಗೆ ಮಾಡುವ ದ್ರೋಹವೆಂದು ನಮಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರುವುದಿಲ್ಲ.

ಆಸ್ಕಲಾಡ್‌ನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅವನ ತಾಯಿ ವೇಲ್ಸ್‌ನ ರಾಜಮನೆತನದವಳು, ಡೇನರಿಗೆ ಸೆರೆಯಾಗಿ ಗುಲಾಮಳಾದವಳು. ತಂದೆ ಅವಳನ್ನು ಸೆರೆಹಿಡಿದ ಡೇನ್. ತಾನು ಯಾರೊಡನೆ ಕೂತು ಉಣ್ಣುತ್ತಾನೋ ಆ ಜನವನ್ನೇ ಆಳದಲ್ಲಿ ದ್ವೇಷಿಸುವ ಮನುಷ್ಯ. ಆ್ಯನ್‌ಳ ಊರನ್ನು ಕೊಲ್ಲಿಸಿದವನೂ ಅವನೇ. ಥಾರ್ಫಿನ್‌ನನ್ನು ಅವನು ಸಾಕಿದ್ದಾನೆ ಎನ್ನಲಾಗದು, ಸಾಕಲಿಲ್ಲ ಎನ್ನಲೂ ಆಗದು. ಇಂಥ ಪಾತ್ರವನ್ನು ನಾನು ಬೇರೆಡೆ ಕಂಡದ್ದು ದೊಡ್ಡ ಕಾದಂಬರಿಗಳಲ್ಲಿ. ಕೊನೆಗೆ ಡೆನ್ಮಾರ್ಕಿನ ಅರಸ ಸ್ವೇನ್ ವೇಲ್ಸ್ ಮೇಲೆ ದಂಡೆತ್ತುವ ಬೆದರಿಕೆ ಹಾಕಿದಾಗ, ಆಸ್ಕಲಾಡ್ ತುಂಬಿದ ಸಭೆಯಲ್ಲಿ ಅರಸನ ತಲೆ ಹಾರಿಸುತ್ತಾನೆ. ಅರಸನ ಮಗ ಕನ್ಯೂಟ್‌ನ ಕೈಯಿಂದಲೇ ತಾನು ಸತ್ತು, ಅವನಿಗೆ ಸಿಂಹಾಸನದ ದಾರಿ ತೆರೆಯುತ್ತಾನೆ. ಇತಿಹಾಸದಲ್ಲಿ ಸ್ವೇನ್ 1013ರಲ್ಲಿ ಇಂಗ್ಲೆಂಡನ್ನು ಗೆದ್ದು, ಮರುವರ್ಷದ ಆರಂಭದಲ್ಲೇ ತೀರಿಕೊಂಡ. ಗೆದ್ದು ಕೆಲವೇ ವಾರಗಳಲ್ಲಿ ಬಂದ ಆ ಸಾವಿನ ಖಾಲಿ ಜಾಗದಲ್ಲಿ ಯುಕಿಮುರ ತನ್ನ ಕಥೆಯನ್ನು ನೆಟ್ಟಿದ್ದಾನೆ.

ಥಾರ್ಫಿನ್ ಮಾತ್ರ ಕುಸಿದುಹೋಗುತ್ತಾನೆ. ಕೊಲ್ಲಬೇಕೆಂದಿದ್ದವನನ್ನು ಇನ್ನೊಬ್ಬ ಕೊಂದ. ಇಷ್ಟು ವರ್ಷ ಇಷ್ಟು ಜನರ ರಕ್ತ ಹರಿಸಿದ್ದು ಯಾವುದಕ್ಕೆ? ಆಸ್ಕಲಾಡ್‌ನ ಹೆಣ ಹಿಡಿದು ಅವನು ಕಿರುಚುವುದು ಸೇಡು ತಪ್ಪಿದ್ದಕ್ಕೋ ತಂದೆಯಂಥವನೊಬ್ಬ ಸತ್ತದ್ದಕ್ಕೋ ಎಂದು ನಾನೂ ತಂಗಿಯ ಮಗನೂ ಬಹಳ ಹೊತ್ತು ವಾದಿಸಿದೆವು. ಇಪ್ಪತ್ತನಾಲ್ಕನೆಯ ಕಂತಿನ ಹೆಸರು ‘ಮುನ್ನುಡಿಯ ಅಂತ್ಯ’. ಇಷ್ಟು ಹೊತ್ತು ನೀವು ನೋಡಿದ ಯುದ್ಧ, ಸಾಹಸ, ಸಂಚು ಎಲ್ಲ ಬರೀ ಮುನ್ನುಡಿ, ಕಥೆ ಇನ್ನು ಮುಂದಿದೆ ಎಂದು ಹೇಳುವ ಧೈರ್ಯ ಎಷ್ಟು ಜನಕ್ಕಿರುತ್ತದೆ!

ಮೊದಲ ಸೀಸನ್‌ನಲ್ಲಿ ಇನ್ನೊಂದು ಸಂಭಾಷಣೆ ಇದೆ, ಅದಕ್ಕೂ ಹೊಡೆದಾಟಕ್ಕೂ ಸಂಬಂಧವಿಲ್ಲ. ಯುದ್ಧ ನಡೆಯುತ್ತಿರುವಾಗಲೇ ಹಿಮದ ಬಯಲಿನಲ್ಲಿ ಯುವರಾಜ ಕನ್ಯೂಟ್ ಮತ್ತು ಕುಡುಕ ಪಾದ್ರಿ ವಿಲ್ಲಿಬಾಲ್ಡ್ ಮಾತಿಗೆ ಕೂರುತ್ತಾರೆ. ತನ್ನನ್ನು ಹೆತ್ತವರಿಗಿಂತ ಹೆಚ್ಚಾಗಿ ಸಲಹಿದ ರಾಗ್ನಾರ್ ಸತ್ತನಲ್ಲ, ಅವನದ್ದು ಪ್ರೀತಿಯಲ್ಲವೇ ಎಂದು ಯುವರಾಜನ ಪ್ರಶ್ನೆ. ಅದು ಪ್ರೀತಿಯಲ್ಲ, ಭೇದ ಎನ್ನುತ್ತಾನೆ ಪಾದ್ರಿ. ನಿನ್ನೊಬ್ಬನಿಗಾಗಿ ಅವನು ಒಂದು ಊರಿನ ಜನರ ಸಾವನ್ನು ನೋಡಿಯೂ ಸುಮ್ಮನಿದ್ದ. ತನ್ನವರನ್ನು ಮಾತ್ರ ಪ್ರೀತಿಸುವವನು ಉಳಿದವರನ್ನು ಪ್ರೀತಿಯ ಹೊರಗೆ ನಿಲ್ಲಿಸಿರುತ್ತಾನೆ. ಈ ಹಿಮ, ಈ ಆಕಾಶ, ಇಲ್ಲಿ ಬಿದ್ದ ಹೆಣ, ಇವು ಯಾರನ್ನೂ ದ್ವೇಷಿಸುವುದಿಲ್ಲ, ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಪ್ರೀತಿಗೆ ಹತ್ತಿರವಾದದ್ದು ಇವೇ ಎಂಬುದು ಅವನ ವಾದದ ಸಾರ. ನನಗೆ ಇದು ಒಪ್ಪಿಗೆಯಾಗಲಿಲ್ಲ, ಇಂದಿಗೂ ಇಲ್ಲ. ಮನೆಯವರನ್ನು ಪ್ರೀತಿಸಲು ಕಲಿತವರೇ ಅಲ್ಲವೇ ಹೊರಗಿನವರತ್ತ ಕೈ ಚಾಚುವುದು? ಆದರೆ ನನ್ನ ಪ್ರೀತಿ ಎಲ್ಲಿಗೆ ಬಂದು ನಿಲ್ಲುತ್ತದೆ, ನಿಂತ ಗೆರೆಯ ಆಚೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಒಂದು ಹೊಡೆದಾಟದ ಸರಣಿ ಇಷ್ಟು ಬಿಡಿಸಿ ಕೇಳಿತಲ್ಲ, ಅದಕ್ಕೆ ನಾನು ಋಣಿ.

ಎರಡನೆಯ ಸೀಸನ್‌ಗೆ ಹುಡುಗ ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದ. “ಫೈಟ್ ಇಲ್ಲ ದೊಡ್ಡಮ್ಮ, ಬರೀ ಬೇಸಾಯ. ಬೋರು.” ನನಗೋ, ಅಲ್ಲಿಂದಲೇ ಸರಣಿ ನನ್ನದಾಯಿತು.

ಥಾರ್ಫಿನ್ ಈಗ ಗುಲಾಮ. ಡೆನ್ಮಾರ್ಕಿನ ಯೂಟ್‌ಲ್ಯಾಂಡಿನಲ್ಲಿ ಕೆಟಿಲ್ ಎಂಬ ದೊಡ್ಡ ಜಮೀನುದಾರನ ಆಳು. ಕಣ್ಣಲ್ಲಿ ಬೆಳಕಿಲ್ಲ, ಬಾಯಲ್ಲಿ ಮಾತಿಲ್ಲ, ಬದುಕುವ ಆಸೆಯೂ ಇಲ್ಲ. ಅವನ ಜೊತೆಗೆ ಹೊಸದಾಗಿ ಬಂದವನು ಐನಾರ್. ಇಂಗ್ಲೆಂಡಿನ ರೈತ, ವೈಕಿಂಗರ ದಾಳಿಯಲ್ಲಿ ಮನೆಮಂದಿಯನ್ನು ಕಳೆದುಕೊಂಡು ಮಾರಾಟವಾದವನು. ಕೆಟಿಲ್ ಇಬ್ಬರಿಗೂ ಒಂದು ತುಂಡು ಕಾಡು ತೋರಿಸಿ, ಇದನ್ನು ಕಡಿದು ಹೊಲ ಮಾಡಿ, ಬೆಳೆದ ಗೋಧಿಯನ್ನು ನನಗೆ ಮಾರಿ ನಿಮ್ಮ ಬಿಡುಗಡೆಯ ಹಣ ಗಳಿಸಿ ಎನ್ನುತ್ತಾನೆ. ಮುಂದಿನ ಕಂತುಗಳಲ್ಲಿ ಇಬ್ಬರು ಗಂಡಸರು ಮರ ಕಡಿಯುತ್ತಾರೆ. ಬೊಡ್ಡೆ ಕೀಳುತ್ತಾರೆ. ಕಲ್ಲು ಆರಿಸುತ್ತಾರೆ. ಕುದುರೆ ನೇಗಿಲುಗಳಿಗಾಗಿ ಕೆಟಿಲ್‌ನ ಮುದಿ ತಂದೆ ಸ್ವೆರ್ಕೆಲ್‌ನ ಮನೆಗೆ ಅಲೆಯುತ್ತಾರೆ, ಪ್ರತಿಯಾಗಿ ಅವನ ಮನೆಗೆಲಸ ಮಾಡಿಕೊಡುತ್ತಾರೆ. ಬಿತ್ತುತ್ತಾರೆ, ಕಾಯುತ್ತಾರೆ.

ನಮ್ಮದು ತೀರ್ಥಹಳ್ಳಿ ಕಡೆಯ ಒಕ್ಕಲುತನದ ಮನೆ. ಅಪ್ಪ ಬ್ಯಾಣದ ಅಂಚಿನ ಒಂದಿಷ್ಟು ಜಾಗ ಹಸನು ಮಾಡಿ ತೋಟ ಹಾಕಿದ್ದು ನಾನು ಚಿಕ್ಕವಳಿದ್ದಾಗ. ಮರ ಬೀಳಿಸುವುದು ಸುಲಭದ ಕೆಲಸ, ಬೊಡ್ಡೆಯದ್ದೇ ಕಷ್ಟ ಎಂದು ಅಪ್ಪ ಹೇಳುತ್ತಿದ್ದರು. ಸುತ್ತ ಮಣ್ಣು ಬಿಡಿಸಿ, ಒಂದೊಂದು ಬೇರನ್ನೂ ಹುಡುಕಿ ಕಡಿದು, ಹಾರೆ ಮೀಟಿ ಅಲುಗಾಡಿಸಿ ನೋಡಿದರೆ ಅದು ಕದಲಿರುವುದೇ ಇಲ್ಲ. ಕಾಣದ ಒಂದು ತಾಯಿಬೇರು ಇನ್ನೂ ಕೆಳಗೆ ಹಿಡಿದಿರುತ್ತದೆ. ಸಂಜೆಗೆ ಅಪ್ಪನ ಅಂಗೈ ಮುಟ್ಟಿದರೆ ಒರಟು ತೊಗಟೆಯೇ ಮುಟ್ಟಿದ ಹಾಗೆ. ಈ ಸರಣಿಯ ಚಿತ್ರಕಾರರು ಅದನ್ನು ಬಲ್ಲರು. ಹಗ್ಗ ಬಿಗಿದು ಎಳೆಯುವಾಗ ಹಿಮ್ಮಡಿ ಮಣ್ಣಿನಲ್ಲಿ ಹೂತುಹೋಗುವುದು, ಬೇರು ಕಿತ್ತು ಬಂದ ಗುಂಡಿಯ ಹಸಿ ಮಣ್ಣು, ಮೊದಲ ಹಸಿರು ಮೊಳಕೆ ಕಂಡಾಗ ಇಬ್ಬರು ವಯಸ್ಕರು ಮಕ್ಕಳಂತೆ ಮೊಣಕಾಲೂರಿ ಕೂರುವುದು, ಇವಕ್ಕೆ ಮೊದಲ ಸೀಸನ್‌ನ ಕಾಳಗಗಳಿಗೆ ಕೊಟ್ಟಷ್ಟೇ ಶ್ರದ್ಧೆ ಕೊಟ್ಟಿದ್ದಾರೆ. ಕೊಲ್ಲುವುದಕ್ಕೆ ಒಂದು ಗಳಿಗೆ ಸಾಕು, ಬೆಳೆಸುವುದಕ್ಕೆ ಋತುಗಳೇ ಬೇಕು ಎಂಬುದನ್ನು ಯಾರ ಬಾಯಿಂದಲೂ ಹೇಳಿಸದೆ, ನಮ್ಮನ್ನು ಹಾಗೇ ಕಾಯಿಸಿ ತಿಳಿಸುತ್ತಾರೆ. ತಂಗಿಯ ಮಗನ “ಬೋರು” ಇದ್ದದ್ದು ಆ ಕಾಯುವಿಕೆಯಲ್ಲಿ.

ಗೋಧಿ ಮೊಳೆತ ಮೇಲೆ ಜಮೀನಿನ ಕೂಲಿಯವರು ಹೊಟ್ಟೆಕಿಚ್ಚಿನಿಂದ ಪೈರನ್ನು ಕಿತ್ತು ಹಾಳುಮಾಡುತ್ತಾರೆ. ಗುಲಾಮರಿಗೆ ಬಿಡುಗಡೆಯೇ ಎಂಬ ಉರಿ. ಹೊಡೆದಾಟವಾಗುತ್ತದೆ, ಥಾರ್ಫಿನ್ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಆಗ ಅವನು ಕಾಣುವ ಕನಸಿನಲ್ಲಿ ಯೋಧರ ಸ್ವರ್ಗವೆಂದು ವೈಕಿಂಗರು ನಂಬಿದ್ದ ಲೋಕವಿದೆ. ಆದರೆ ಅದು ಸತ್ತವರು ಸತ್ತವರನ್ನು ಕೊನೆಯಿಲ್ಲದೆ ಕೊಲ್ಲುತ್ತಿರುವ ಕೆಸರಿನ ಗುಂಡಿ. ಬಂಡೆ ಹಿಡಿದು ನೇತಾಡುವ ಥಾರ್ಫಿನ್‌ನ ಕಾಲಿಗೆ ಅವನೇ ಕೊಂದವರು ಜೋತುಬೀಳುತ್ತಾರೆ. ಹೆಸರಿಲ್ಲದೆ ಸತ್ತವರು, ನಾವೂ ನೋಡಿ ಮರೆತವರು. ಅಲ್ಲಿಗೆ ಬರುವ ಆಸ್ಕಲಾಡ್ ಅವರನ್ನು ಕೊಡವಿಕೊಂಡು ಹೋಗೆನ್ನುವುದಿಲ್ಲ, ಹೊತ್ತುಕೊಂಡೇ ಮೇಲೆ ಹತ್ತು ಎನ್ನುತ್ತಾನೆ. ಎಚ್ಚರವಾದ ಥಾರ್ಫಿನ್ ಇನ್ನು ಹಿಂಸೆಗೆ ಕೈಹಾಕುವುದಿಲ್ಲವೆಂದು ಐನಾರ್‌ನ ಮುಂದೆ ನಿಶ್ಚಯ ಮಾಡುತ್ತಾನೆ. ನಾನು ಯಾವ ಒಪ್ಪಂದ ನಿರೀಕ್ಷಿಸಿದ್ದೆನೋ ಅದು ಆ ಗುಂಡಿಯಲ್ಲಿ ಮುರಿದುಬಿತ್ತು. ಈ ಕಥೆ ತನ್ನ ಹೆಣಗಳನ್ನು ಒಂದೊಂದಾಗಿ ಲೆಕ್ಕವಿಟ್ಟುಕೊಂಡಿತ್ತು.

ಕನ್ನಡದ ಓದುಗರಿಗೆ ಇಲ್ಲಿ ಬಾಹುಬಲಿ ನೆನಪಾಗದಿರುವುದು ಕಷ್ಟ. ಸ್ವತಃ ಕತ್ತಿ ಹಿಡಿದು ಯುದ್ಧ ಮಾಡಿದ ಪಂಪ 941ರಲ್ಲಿ ‘ಆದಿಪುರಾಣ’ ಬರೆದ. ಅಲ್ಲಿ ಅಣ್ಣ ಭರತನನ್ನು ಗೆದ್ದ ಬಾಹುಬಲಿಗೆ ಗೆಲುವಿನ ಗಳಿಗೆಯಲ್ಲೇ ವೈರಾಗ್ಯ ಬರುತ್ತದೆ. ರಾಜ್ಯ ಬಿಟ್ಟು ಕಾಡಿಗೆ ಹೋಗುತ್ತಾನೆ. ಥಾರ್ಫಿನ್‌ಗೆ ಬಿಟ್ಟುಕೊಡಲು ಗೆಲುವೂ ಇಲ್ಲ, ರಾಜ್ಯವೂ ಇಲ್ಲ, ಅವನ ದೇಹವೂ ಅವನದಲ್ಲ. ಅವನು ಹೋಗುವುದು ಕಾಡಿನಿಂದ ಹೊಲಕ್ಕೆ. ತ್ಯಾಗದ ಎತ್ತರ ಇವನದ್ದಲ್ಲ. ಮಾಡಿದ್ದನ್ನು ತೀರಿಸಲಾಗದ ಸಾಲವೆಂದು ತಿಳಿದೂ ದುಡಿಯುತ್ತ ಇರುವವನ ಬದುಕು ಇವನದ್ದು, ಮತ್ತು ನನ್ನಂಥ ಸಾಮಾನ್ಯರ ಕೈಗೆ ಎಟುಕುವುದು ಇದು ಎನ್ನಿಸಿತು.

ಎಲ್ಲವೂ ಮೆಚ್ಚಿಗೆಯಾಯಿತೆಂದಲ್ಲ. ಆರ್ನ್‌ಹೈಡ್ ಎಂಬ ಗುಲಾಮ ಹೆಣ್ಣಿದ್ದಾಳೆ. ಕೆಟಿಲ್‌ಗೆ ಅವಳ ಮೇಲೆ ಮೋಹ, ಅವನ ಮಗುವಿಗೆ ಬಸುರಿ. ಅವಳ ಗಂಡ ಗಾರ್ಡರ್ ಬೇರೊಬ್ಬ ಒಡೆಯನಿಂದ ತಪ್ಪಿಸಿಕೊಂಡು ಅವಳನ್ನು ಹುಡುಕಿ ಬರುತ್ತಾನೆ. ಓಡಿಹೋಗಲು ನೋಡುತ್ತಾರೆ, ಅವನು ಅವಳ ಕಣ್ಣೆದುರೇ ಸಾಯುತ್ತಾನೆ. ವಿಷಯ ತಿಳಿದ ಕೆಟಿಲ್, ಅಷ್ಟು ದಿನ ಒಳ್ಳೆಯ ಒಡೆಯನೆನಿಸಿಕೊಂಡ ಕೆಟಿಲ್, ಬಸುರಿಯನ್ನು ದೊಣ್ಣೆಯಿಂದ ಬಡಿಯುತ್ತಾನೆ. ಅವಳು ಉಳಿಯುವುದಿಲ್ಲ. ಇಡೀ ಸರಣಿಯಲ್ಲಿ ನನಗೆ ನೋಡಲಾಗದ ಹಿಂಸೆ ಇದೊಂದೇ. ರಕ್ತ ಮೊದಲ ಸೀಸನ್‌ಗಿಂತ ಕಡಿಮೆ, ನೋವು ಹತ್ತು ಪಾಲು ಹೆಚ್ಚು. ಮೆದು ಮಾತಿನ ಮನುಷ್ಯನೊಳಗೆ ‘ಇದು ನನ್ನ ಸೊತ್ತು’ ಎಂಬ ಭಾವ ಇದ್ದರೆ ಸಾಕು ಎಂದು ತೋರಿಸಿದ್ದು ದೊಡ್ಡ ಕೆಲಸವೇ. ಆದರೂ ನನ್ನದೊಂದು ದೂರು ಉಳಿದಿದೆ. ಇಬ್ಬರು ಗಂಡಸರು ಶಾಂತಿಯ ನಾಡು ಕಟ್ಟುವ ಪಣ ತೊಡಲು ಒಬ್ಬ ಹೆಣ್ಣು ಇಷ್ಟು ನರಳಿ ಸಾಯಬೇಕಿತ್ತೇ? ಅವಳಿಗೂ ಒಂದು ದೋಣಿ ಏರುವ ಅವಕಾಶವನ್ನು ಯುಕಿಮುರ ಕೊಡಬಹುದಿತ್ತು.

ಕನ್ಯೂಟ್ ಈಗ ಅರಸ. ಭೂಮಿಯ ಮೇಲೆ ಸ್ವರ್ಗ ಕಟ್ಟುತ್ತೇನೆ, ಅದಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ಹಣ ಬೇಕು ಎಂಬ ಲೆಕ್ಕದಲ್ಲಿ ಕೆಟಿಲ್‌ನ ಜಮೀನನ್ನು ಕಸಿಯಲು ದಂಡು ತರುತ್ತಾನೆ. ತಂದೆಯ ಕಡಿದ ತಲೆ ಅವನ ಕಣ್ಣಿಗೆ ಆಗಾಗ ಕಾಣಿಸಿ ಮಾತಾಡುತ್ತಿರುತ್ತದೆ. ಥಾರ್ಫಿನ್ ಅರಸನನ್ನು ಕಾಣಬೇಕೆಂದು ಬರಿಗೈಯಲ್ಲಿ ಹೋಗುತ್ತಾನೆ. ಸೈನಿಕರು ನಗುತ್ತಾರೆ. ನೂರು ಏಟು ತಿಂದೂ ನಿಂತಿದ್ದರೆ ಬಿಡಬೇಕೆಂಬ ಕರಾರಾಗುತ್ತದೆ. ಅವರಲ್ಲೇ ಬಲಾಢ್ಯನೊಬ್ಬ ಗುದ್ದತೊಡಗುತ್ತಾನೆ. ಸಾಲುಸಾಲು ಜನರನ್ನು ಹೊಡೆದುರುಳಿಸುವ ನಾಯಕರನ್ನು ನೋಡಿ ಬೆಳೆದ ನನಗೆ, ನೂರು ಏಟು ತಿನ್ನುವ ಈ ನಾಯಕನನ್ನು ನೋಡುವಾಗ ಉಸಿರು ಕಟ್ಟಿತು. ಅವನು ಬಲವಿಲ್ಲದವನಲ್ಲ. ಮೈಯನ್ನು ತುಸು ತಿರುಗಿಸಿ ಏಟಿನ ಭಾರ ಕಡಿಮೆ ಮಾಡಿಕೊಳ್ಳುವ ಯುದ್ಧಕಲೆ ಅವನಲ್ಲಿ ಇನ್ನೂ ಇದೆ. ಹೊಡೆಯುವವನಿಗೇ ಅದು ಅರಿವಾಗಿ, ಇಷ್ಟು ಬಲ್ಲವನು ಯಾಕೆ ತಿರುಗಿ ಹೊಡೆಯುತ್ತಿಲ್ಲವೆಂದು ಕೇಳುತ್ತಾನೆ. ಅಪ್ಪ ಹೇಳಿದ್ದ ಮಾತು ಆಗ ಮಗನ ಬಾಯಿಂದ ಬರುತ್ತದೆ. ಅಷ್ಟು ದೂರದಿಂದ ಹೊರಟ ಆ ಮಾತು ಅವನ ಬಾಯಿಗೆ ಬರಲು ಹೆಚ್ಚುಕಡಿಮೆ ಎರಡು ಸೀಸನ್ನೇ ಹಿಡಿಯಿತು. ನನಗೆ ಅಳು ತಡೆಯಲಾಗಲಿಲ್ಲ.

ಅರಸನ ಮುಂದೆ ನಿಂತಾಗ, ಒಪ್ಪದಿದ್ದರೆ ಏನು ಮಾಡುತ್ತೀ ಎಂಬ ಪ್ರಶ್ನೆ ಬರುತ್ತದೆ. ಓಡಿಹೋಗುತ್ತೇನೆ ಎನ್ನುತ್ತಾನೆ ಥಾರ್ಫಿನ್. ನಿನ್ನ ಸ್ವರ್ಗದಲ್ಲಿ ಜಾಗವಿಲ್ಲದವರನ್ನು ಕರೆದುಕೊಂಡು ಸಮುದ್ರದಾಚೆ ಹೋಗಿ ಬದುಕುತ್ತೇನೆ. ಅರಸ ನಗುತ್ತಾನೆ, ದಂಡು ಹಿಂದಕ್ಕೆ ಹೋಗುತ್ತದೆ.

ಇದರಿಂದ ನನಗೇನಾಯಿತು ಎಂಬುದಕ್ಕೆ ಬರುತ್ತೇನೆ. ಅಪ್ಪ ಹಸನು ಮಾಡಿದ ಆ ತೋಟದ ಅಗಳಿನ, ಅಂದರೆ ಗಡಿಯ ಕಂದಕದ, ವಿಚಾರವಾಗಿ ನಮ್ಮ ಮನೆಗೂ ದಾಯಾದಿಗಳ ಮನೆಗೂ ಮಾತು ನಿಂತಿತ್ತು. ನಿಂತದ್ದು ಅಪ್ಪನ ಕಾಲದಲ್ಲಿ. ಆ ಮನೆಯ ಮಕ್ಕಳೊಂದಿಗೆ ಆಡಕೂಡದು ಎಂಬುದು ನನಗೆ ಬುದ್ಧಿ ಬರುವ ಮೊದಲೇ ಬಂದ ಪಾಠ. ಜಗಳವಾಡಿದ ಹಿರಿಯರು ಎರಡೂ ಕಡೆ ತೀರಿಕೊಂಡಿದ್ದಾರೆ. ಅಗಳು ಎಲ್ಲಿತ್ತೆಂದು ಖಚಿತವಾಗಿ ಬಲ್ಲವರು ಈಗ ಯಾರೂ ಇಲ್ಲ. ಆದರೂ ಅಪ್ಪನ ಕೋಪವನ್ನು ಉಳಿಸಿಕೊಳ್ಳುವುದೇ ಅಪ್ಪನ ಮೇಲಿನ ಪ್ರೀತಿ ಎಂಬ ಭಾವ ನನ್ನೊಳಗೆ ಗಟ್ಟಿಯಾಗಿತ್ತು. ಅಪ್ಪನ ಹೆಸರಿನಲ್ಲಿ ಅಪ್ಪ ಬಯಸದ್ದನ್ನೇ ಮಾಡುತ್ತ ಬೆಳೆದ ಹುಡುಗನ ಕಥೆಯನ್ನು ಅಷ್ಟು ರಾತ್ರಿಗಳು ನೋಡಿದ ಮೇಲೆ ಒಂದು ಮದುವೆಮನೆಯಲ್ಲಿ ಆ ಮನೆಯ ಅಣ್ಣ ಎದುರಿಗೆ ಸಿಕ್ಕಿದರು. “ಹೇಗಿದ್ದೀರಿ ಅಣ್ಣಯ್ಯ, ಈ ಸಲ ಕೊಳೆ ರೋಗ ಹೇಗಿದೆ ನಿಮ್ಮ ತೋಟದಲ್ಲಿ?” ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಈ ಸಲ ಜೋರೇ ಕಣಮ್ಮ, ಎರಡು ಸಲ ಬೋರ್ಡೋ ಹೊಡೆಸಿದ್ರೂ ನಿಲ್ಲಲಿಲ್ಲ” ಎಂದರು. ಅಷ್ಟೇ ಮಾತು. ಅಗಳು ಎಲ್ಲಿದೆಯೋ ಅಲ್ಲೇ ಇದೆ. ಈಗ ಊರಿಗೆ ಹೋದರೆ ದಾರಿಯಲ್ಲಿ ಕಂಡಾಗ ಮಾತಾಡುತ್ತೇವೆ.

ತರಗತಿಯಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ಯುದ್ಧಗಳ ಪಾಠಕ್ಕೆ ನಮ್ಮಲ್ಲೊಂದು ಅಚ್ಚಿದೆ: ಕಾರಣಗಳು, ಘಟನೆಗಳು, ಪರಿಣಾಮಗಳು. ಆ್ಯನ್‌ಳ ಊರಿನ ದವಸ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಮೂರನೆಯ ಮೈಸೂರು ಯುದ್ಧದ ಪಾಠ ಬಂದಾಗ, 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ ಕಾರ್ನ್‌ವಾಲಿಸ್ ಕೋಟೆ ಮುತ್ತದೆ ಯಾಕೆ ಹಿಂದೆ ಸರಿದ ಎಂದು ಮಕ್ಕಳನ್ನು ಕೇಳಿದೆ. ಟಿಪ್ಪುವಿನ ಶೌರ್ಯ ಎಂದರು, ಮಳೆ ಎಂದರು. ಎತ್ತುಗಳು ಸತ್ತು, ಆಹಾರ ಮುಗಿದು, ಭಾರಿ ತೋಪುಗಳನ್ನು ಎಳೆಯಲಾಗದೆ ತಾವೇ ನಾಶಮಾಡಿ ಹೋದರು ಎಂದಾಗ ತರಗತಿ ಸುಮ್ಮನಾಯಿತು. ಎತ್ತುಗಳ ಮೇಲೆ ದವಸ ಹೇರಿಕೊಂಡು ದಂಡುಗಳಿಗೆ ತಂದುಕೊಡುತ್ತಿದ್ದ ಬಂಜಾರರ ಬಗ್ಗೆ ಹೇಳಿದೆ. ನಮ್ಮ ಶಾಲೆಯಲ್ಲಿ ತಾಂಡಾದ ಮಕ್ಕಳೂ ಇದ್ದಾರೆ. ಅವರು ತಲೆ ಎತ್ತಿ ಕೇಳಿದರು. ದಂಡು ಹಾದುಹೋದ ದಾರಿಯಲ್ಲಿ ನಿಮ್ಮ ಮನೆಯಿತ್ತೆಂದು ತಿಳಿದು ಒಂದು ಪುಟ ಬರೆಯಿರ್ರೋ ಎಂದೆ. ಒಬ್ಬಳು, ದಂಡಿನವರು ಬಿತ್ತನೆ ಬೀಜವನ್ನೂ ಬಿಡದೆ ಒಯ್ದರೆಂದೂ ತನ್ನ ಅಜ್ಜಿ ಒಂದು ಹಿಡಿ ರಾಗಿಯನ್ನು ಸೆರಗಿನ ಗಂಟಿನಲ್ಲಿ ಉಳಿಸಿದಳೆಂದೂ ಬರೆದಳು. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಈಗ ಪ್ರತಿ ಯುದ್ಧದ ಪಾಠಕ್ಕೂ ಇಂಥ ಒಂದು ಪುಟ ಬರೆಸುತ್ತೇನೆ.

ಹದಿಹರೆಯದ ಕೆಳಗಿನ ಮಕ್ಕಳಿಗೆ ಈ ಸರಣಿ ಬೇಡ ಎಂದು ನಾನು ಪಾಲಕರಿಗೆ ಖಂಡಿತ ಹೇಳುತ್ತೇನೆ. ಮೊದಲ ಸೀಸನ್‌ನ ಹಿಂಸೆಯನ್ನಷ್ಟೇ ನೋಡಿ ಎದ್ದುಹೋಗುವ ಅಪಾಯ ದೊಡ್ಡವರಿಗೂ ಇದೆ. ಇಪ್ಪತ್ತನಾಲ್ಕು ಕಂತಿನ ಮುನ್ನುಡಿಯನ್ನು ದಾಟುವ ತಾಳ್ಮೆ ಇರುವವರಿಗಾಗಿ ಮಾಡಿದ ಕೃತಿ ಇದು.

ಥಾರ್ಫಿನ್ ಕಲ್ಪನೆಯ ಮನುಷ್ಯನೂ ಅಲ್ಲ. ಐಸ್‌ಲ್ಯಾಂಡಿನ ಎರಡು ಹಳೆಯ ಸಾಗಾಗಳಲ್ಲಿ ಥಾರ್ಫಿನ್ ಕಾರ್ಲ್‌ಸೆಫ್ನಿ ಎಂಬವನು ಹೆಂಡತಿ ಗುಡ್ರಿಡ್‌ಳೊಂದಿಗೆ ಅಟ್ಲಾಂಟಿಕ್ ದಾಟಿ ವಿನ್‌ಲ್ಯಾಂಡ್ ಎಂಬ ನಾಡಿನಲ್ಲಿ ನೆಲೆಸಲು ಹೋದ ಕಥೆಯಿದೆ. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಮತ್ತು ಆ್ಯನ್ ಸ್ಟೀನ್ ಇಂಗ್‌ಸ್ಟಾಡ್ ದಂಪತಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ತುದಿಯಲ್ಲಿ ವೈಕಿಂಗರ ಮನೆಗಳ ಗುರುತು ಪತ್ತೆಹಚ್ಚಿದರು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಲೋಹದ ಅಲಗಿನಿಂದ ಕಡಿದದ್ದು ಸರಿಯಾಗಿ 1021ನೆಯ ಇಸವಿಯಲ್ಲಿ ಎಂದು, ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸಾಗಾಗಳ ಪ್ರಕಾರ ಆ ನೆಲೆ ಉಳಿಯಲಿಲ್ಲ. ಅಲ್ಲಿಯ ಮೂಲ ಜನರೊಂದಿಗೆ ಮೊದಲು ವ್ಯಾಪಾರ, ಆಮೇಲೆ ಕಾದಾಟ, ಕೊನೆಗೆ ಎಲ್ಲ ಬಿಟ್ಟು ವಾಪಸು. ಅಂದರೆ ಯುದ್ಧವಿಲ್ಲದ ನಾಡೊಂದನ್ನು ಕಟ್ಟುವ ಕಥೆಗೆ ಕೈಹಾಕುವಾಗಲೇ ಆ ನಾಡು ನಿಲ್ಲುವುದಿಲ್ಲವೆಂದು ಯುಕಿಮುರನಿಗೆ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತು ವರ್ಷ ಬರೆದು, 2025ರಲ್ಲಿ ಮುಗಿಸಿದ್ದಾನೆ.

ತಂಗಿಯ ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೊದಲ ಸೀಸನ್ನೇ ಮೇಲು ಎಂಬ ಅವನ ಪಟ್ಟು ಸಡಿಲಿಲ್ಲ. “ಉಳಿಯದ ಊರನ್ನ ಕಟ್ಟೋಕೆ ಅಷ್ಟೆಲ್ಲ ಒದ್ದಾಡಿ ಏನು ಬಂತು ದೊಡ್ಡಮ್ಮ?” ಎಂದು ಫೋನಿನಲ್ಲಿ ಕೇಳಿದ. ಥಾರ್ಫಿನ್ ಮತ್ತು ಗುಡ್ರಿಡ್‌ಗೆ ಸ್ನೋರಿ ಎಂಬ ಮಗ ಹುಟ್ಟಿದ್ದು ವಿನ್‌ಲ್ಯಾಂಡಿನಲ್ಲೇ ಎಂದು ಸಾಗಾ ಹೇಳುತ್ತದೆ, ಆ ಮಗುವಿಗೆ ಅದು ಊರೇ ಅಲ್ಲವೇನೋ ಎಂದೆ. ಒಪ್ಪಲಿಲ್ಲ. ದಸರೆಗೆ ಬಂದಾಗ ಮಾಂಗಾದ ಕೊನೆಯ ಭಾಗದ ಸಂಪುಟಗಳನ್ನು ತರುತ್ತೇನೆ, ಓದಿದ ಮೇಲೆ ಮಾತಾಡೋಣ ಎಂದಿದ್ದಾನೆ.